ಸಮಾಜಕಾರ್ಯದ ಪದವಿ: ನಮ್ಮ ತಾಲ್ಲೂಕುಗಳೇ ಪಠ್ಯಪುಸ್ತಕ



ಪದವಿ ತರಗತಿಗಳಿಗೆ ಅರ್ಜಿ ಹಾಕುವ ದಿನಗಳು ಬಂದವೆಂದರೆ ಕೋಲಾರದ ಸೀಮೆಯ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಮಗಳೋ ಮಗನೋ "ನಾನು ಬಿ.ಎಸ್.ಡಬ್ಲ್ಯೂ. ಸೇರುತ್ತೇನೆ" ಎಂದೋ, ಪದವಿ ಮುಗಿಸಿದವರಾದರೆ "ಎಂ.ಎಸ್.ಡಬ್ಲ್ಯೂ. ಮಾಡುತ್ತೇನೆ" ಎಂದೋ ಹೇಳಿದ ಕೂಡಲೇ ಮನೆಯ ಹಿರಿಯರು, "ಸಮಾಜಸೇವೆ ಮಾಡೋದಕ್ಕೂ ಒಂದು ಡಿಗ್ರಿ ಬೇಕೇನಪ್ಪಾ?" ಎನ್ನುತ್ತಾರೆ. ಊರಿಗೆ ಬಾವಿ ತೋಡಿಸಿದವರು, ಕೆರೆ ಕಟ್ಟಿಸಿದವರು, ಬರಗಾಲದಲ್ಲಿ ಗಂಜಿ ಕಾಯಿಸಿ ಬಡಿಸಿದವರು ಯಾವ ಕಾಲೇಜಿಗೂ ಹೋಗಿರಲಿಲ್ಲ ಎಂಬುದು ಅವರ ವಾದ. ಮಾತು ನಿಜವೇ. ಆದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂದಿನ ಮಾತುಗಳಲ್ಲಿ ಅದಕ್ಕೆ ಉತ್ತರ ಹುಡುಕೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡರೆ ಉತ್ತರ ಹೆಚ್ಚು ಸ್ಪಷ್ಟವಾಗುತ್ತದೆ.

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು ಸಮಾಜಸೇವೆ, ಇನ್ನೊಂದು ಸಮಾಜಕಾರ್ಯ. ಸೇವೆ ಮನಸ್ಸಿನ ಗುಣ. ಹಸಿದವನಿಗೆ ಅನ್ನ ಕೊಡುವುದಕ್ಕೆ ತರಬೇತಿ ಬೇಕಿಲ್ಲ, ಕರುಣೆ ಸಾಕು. ಆದರೆ ಅದೇ ಮನುಷ್ಯ ನಾಳೆಯೂ ಹಸಿದು ಬಂದರೆ, ನಾಡಿದ್ದೂ ಬಂದರೆ, ಅವನ ಹಸಿವಿಗೆ ಕಾರಣವೇನು, ಅವನಿಗೆ ಬರಬೇಕಾದ ಯಾವ ಹಕ್ಕು ಎಲ್ಲಿ ನಿಂತುಹೋಗಿದೆ, ಅವನು ತನ್ನ ಕಾಲ ಮೇಲೆ ನಿಲ್ಲಲು ಏನು ಅಡ್ಡಿ ಎಂದು ಕೇಳಬೇಕಾಗುತ್ತದೆ. ಕ್ರಮವಾಗಿ ಕೇಳುವುದು, ಕೇಳಿದ್ದನ್ನು ಬರೆದಿಡುವುದು, ಅವನನ್ನೂ ಸೇರಿಸಿಕೊಂಡು ದಾರಿ ಹುಡುಕುವುದು ಸಮಾಜಕಾರ್ಯ. ಕರುಣೆ ಇಲ್ಲದೆ ಅದು ನಡೆಯದು, ಆದರೆ ಕರುಣೆಯೊಂದರಿಂದಲೇ ನಡೆಯುವುದೂ ಇಲ್ಲ.

ಈ ವಿದ್ಯೆಗೆ ಹೆಚ್ಚು ವಯಸ್ಸಾಗಿಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ ಜೇನ್ ಆಡಮ್ಸ್ 1889ರಲ್ಲಿ ಹಲ್ ಹೌಸ್ ಎಂಬ ನೆರೆಹೊರೆಯ ಕೇಂದ್ರವನ್ನು ಸ್ಥಾಪಿಸಿದರು. ವಲಸೆ ಬಂದ ಬಡ ಕಾರ್ಮಿಕರ ನಡುವೆಯೇ ವಾಸಿಸುತ್ತ ಅವರ ಕಷ್ಟಗಳನ್ನು ಅರಿತರು. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಬಂದಿತು. ಮೇರಿ ರಿಚ್‌ಮಂಡ್ 1917ರಲ್ಲಿ ಪ್ರಕಟಿಸಿದ ಗ್ರಂಥವೊಂದು, ಕಷ್ಟದಲ್ಲಿರುವ ವ್ಯಕ್ತಿಯ ಪರಿಸ್ಥಿತಿಯನ್ನು ವೈದ್ಯನು ರೋಗ ಪರೀಕ್ಷಿಸುವಷ್ಟೇ ಎಚ್ಚರದಿಂದ ಪರಿಶೀಲಿಸಬೇಕೆಂದು ತೋರಿಸಿಕೊಟ್ಟಿತು. ನಮ್ಮ ದೇಶದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಟಾಟಾ ಸಂಸ್ಥೆಯವರ ನೆರವಿನಿಂದ ಮೊದಲ ಸಮಾಜಕಾರ್ಯ ಶಾಲೆ ಆರಂಭವಾಯಿತು. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮೂಲ ಅದೇ. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಈ ಶಿಕ್ಷಣವನ್ನು ಪ್ರಾರಂಭಿಸಿತು. ಬಳಿಕ ವಿಶ್ವವಿದ್ಯಾಲಯಗಳಲ್ಲಿಯೂ ವಿಭಾಗಗಳು ಬೆಳೆದವು.

ಇಲ್ಲಿ ಒಬ್ಬ ಕನ್ನಡಿಗ ಪ್ರಾಧ್ಯಾಪಕರನ್ನು ನೆನೆಯಲೇಬೇಕು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯವನ್ನು ಬೋಧಿಸಿದ ಡಾ. ಎಚ್.ಎಂ. ಮರುಳಸಿದ್ಧಯ್ಯನವರು ಉತ್ತರ ಕರ್ನಾಟಕದ ಮಾಕುಂಟಿ ಎಂಬ ಹಳ್ಳಿಯ ವೃದ್ಧರನ್ನು ಕುರಿತು ಅಧ್ಯಯನ ನಡೆಸಿದರು. ಆ ಗ್ರಂಥ 1969ರಲ್ಲಿ ಪ್ರಕಟವಾಯಿತು. ವೃದ್ಧರ ಸಮಸ್ಯೆ ಪಟ್ಟಣದ್ದು, ಹಳ್ಳಿಯಲ್ಲಿ ಕೂಡುಕುಟುಂಬ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಹಳ್ಳಿಗೆ ಹೋಗಿ, ವೃದ್ಧರ ಜೊತೆ ಕುಳಿತು ಅವರ ಬಾಯಿಂದಲೇ ಕೇಳಿದಾಗ ಮಾತ್ರ ನಂಬಿಕೆಗೂ ನಿಜಕ್ಕೂ ಇರುವ ಅಂತರ ತಿಳಿಯುತ್ತದೆ. ಸಮಾಜಕಾರ್ಯದ ಬಗ್ಗೆ ಕನ್ನಡದಲ್ಲಿ ಬರೆದು, ಕನ್ನಡದಲ್ಲಿ ಯೋಚಿಸಬಹುದೆಂದು ತೋರಿಸಿದ ಹಿರಿಯರು ಅವರು.

ಇನ್ನು ಪದವಿಯ ವಿಚಾರಕ್ಕೆ ಬರೋಣ. ಬಿ.ಎಸ್.ಡಬ್ಲ್ಯೂ. ಸ್ನಾತಕ ಪದವಿ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದ್ಧತಿ ಬಂದಿತ್ತು. 2024-25ನೇ ಸಾಲಿನಿಂದ ಪದವಿ ಶಿಕ್ಷಣ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಿದೆ. ಎಂ.ಎಸ್.ಡಬ್ಲ್ಯೂ. ಎರಡು ವರ್ಷಗಳ, ನಾಲ್ಕು ಸೆಮಿಸ್ಟರುಗಳ ಸ್ನಾತಕೋತ್ತರ ಪದವಿ. ಬೇರೆ ವಿಷಯದಲ್ಲಿ ಪದವಿ ಪಡೆದವರಿಗೂ ಸಾಮಾನ್ಯವಾಗಿ ಇದರ ಬಾಗಿಲು ತೆರೆದಿರುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಕೋಲಾರವನ್ನೇ ಕೇಂದ್ರ ಮಾಡಿಕೊಂಡು ಕಾರ್ಯಾರಂಭ ಮಾಡಿದ್ದು ಈ ಭಾಗದ ವಿದ್ಯಾರ್ಥಿಗಳಿಗೆ ಒಂದು ಅನುಕೂಲ. ಉದ್ಯೋಗದಲ್ಲಿರುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿಯೂ ಸಮಾಜಕಾರ್ಯದ ಪದವಿಗಳಿವೆ. ಅಲ್ಲಿಯೂ ಕ್ಷೇತ್ರಕಾರ್ಯ ಕಡ್ಡಾಯ.

ಈ ಕ್ಷೇತ್ರಕಾರ್ಯ ಎಂಬ ಮಾತನ್ನು ಗಮನಿಸಿ. ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಸಂಶೋಧನಾ ವಿಧಾನ, ಕಾನೂನು ಇವೆಲ್ಲವನ್ನೂ ತರಗತಿಯಲ್ಲಿ ಕಲಿಸುತ್ತಾರೆ. ಆದರೆ ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ವಿದ್ಯಾರ್ಥಿ ಕಾಲೇಜಿಗೆ ಬರುವುದಿಲ್ಲ. ಆಸ್ಪತ್ರೆ, ಶಾಲೆ, ಕಾರ್ಖಾನೆ, ಬಾಲಮಂದಿರ, ಗ್ರಾಮ ಪಂಚಾಯಿತಿ ಹೀಗೆ ಗೊತ್ತುಮಾಡಿದ ಕಡೆ ಕೆಲಸ ಮಾಡುತ್ತಾನೆ. ನೋಡಿದ್ದನ್ನು, ಮಾಡಿದ್ದನ್ನು ವರದಿಯಾಗಿ ಬರೆದು ಮೇಲ್ವಿಚಾರಕರ ಮುಂದಿಡುತ್ತಾನೆ. ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಚರ್ಚಿಸುತ್ತಾರೆ. ಇದರ ಜೊತೆಗೆ ಗ್ರಾಮೀಣ ಶಿಬಿರ, ಕೊನೆಗೆ ಒಂದು ಸಂಸ್ಥೆಯಲ್ಲಿ ಸತತವಾಗಿ ಕೆಲವು ವಾರಗಳ ತರಬೇತಿ. ವೈದ್ಯ ವಿದ್ಯಾರ್ಥಿಗೆ ಆಸ್ಪತ್ರೆಯ ವಾರ್ಡು ಹೇಗೋ ಇವರಿಗೆ ಕ್ಷೇತ್ರಕಾರ್ಯ ಹಾಗೆ. ಪದವಿಯ ಸತ್ವವೆಲ್ಲ ಆ ಎರಡು ದಿನಗಳಲ್ಲಿದೆ ಎಂಬುದೇ ಇಂದು ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು.

ಸಮಾಜಕಾರ್ಯದಲ್ಲಿ ಆರು ವಿಧಾನಗಳನ್ನು ಹೇಳುತ್ತಾರೆ. ವ್ಯಕ್ತಿಗತ ಕಾರ್ಯ, ಗುಂಪುಕಾರ್ಯ, ಸಮುದಾಯ ಸಂಘಟನೆ, ಸಮಾಜ ಕಲ್ಯಾಣ ಆಡಳಿತ, ಸಾಮಾಜಿಕ ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ. ಪರೀಕ್ಷೆಗೆ ಇವನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಇವುಗಳ ಅರ್ಥ ತಿಳಿಯಲು ನಮ್ಮ ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ಬರಬೇಕು.

ಕೋಲಾರದಿಂದಲೇ ಪ್ರಾರಂಭಿಸೋಣ. ಆಸ್ಪತ್ರೆಗಳ ವಿಷಯದಲ್ಲಿ ಕೋಲಾರ ಹಳೆಯ ಊರು. ಮೆಥಡಿಸ್ಟ್ ಮಿಷನ್ನಿನವರ ಇ.ಟಿ.ಸಿ.ಎಂ. ಆಸ್ಪತ್ರೆ 1910ರಿಂದಲೂ ಇದೆ. ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ಇಂಥ ಆಸ್ಪತ್ರೆಯೊಂದರಲ್ಲಿ ನೀವು ವಿದ್ಯಾರ್ಥಿಯಾಗಿದ್ದೀರಿ ಎಂದು ಭಾವಿಸಿ. ಕ್ಷಯರೋಗದ ಚಿಕಿತ್ಸೆಯನ್ನು ಎರಡೇ ತಿಂಗಳಿಗೆ ಬಿಟ್ಟ ಕೂಲಿಕಾರನೊಬ್ಬ ಮತ್ತೆ ಕೆಮ್ಮುತ್ತ ಬಂದಿದ್ದಾನೆ. ಆರು ತಿಂಗಳ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗುವ ಅಪಾಯವಿದೆ ಎಂದು ವೈದ್ಯರು ಹೇಳುತ್ತಾರೆ, ಗದರುತ್ತಾರೆ. ಅವನು ತಲೆಯಾಡಿಸುತ್ತಾನೆ. ಮುಂದಿನ ತಿಂಗಳು ಮತ್ತೆ ಬರುವುದಿಲ್ಲ.

ಮಾತ್ರೆ ಏಕೆ ಬಿಟ್ಟ? ಇದೇ ವ್ಯಕ್ತಿಗತ ಕಾರ್ಯದ ಮೊದಲ ಪ್ರಶ್ನೆ. ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸುತ್ತದೆ, ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಲಾಗದು ಎನ್ನಬಹುದು. ರೋಗದ ಸುದ್ದಿ ತಿಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯವಿರಬಹುದು. ಕುಡಿತವಿರಬಹುದು. ಅಥವಾ ಕೆಮ್ಮು ನಿಂತಿತು, ಇನ್ನೇಕೆ ಮಾತ್ರೆ ಎಂಬ ಸರಳ ತಪ್ಪು ತಿಳಿವಳಿಕೆ ಇರಬಹುದು. ಒಂದೊಂದು ಕಾರಣಕ್ಕೂ ಪರಿಹಾರ ಬೇರೆ. ರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ನೀಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಗಿದೆ. ಆ ಹಣ ಅವನ ಬ್ಯಾಂಕ್ ಖಾತೆಗೆ ಬರುತ್ತಿದೆಯೇ ಎಂದು ನೋಡುವುದೂ ಚಿಕಿತ್ಸೆಯ ಭಾಗವೇ. ಗದರಿಸದೆ ಕೇಳುವುದು, ಹೇಳಿದ್ದನ್ನು ಊರಲ್ಲಿ ಆಡದಿರುವುದು, ಅವನ ನಿರ್ಧಾರವನ್ನು ಅವನೇ ಮಾಡಲು ಬಿಡುವುದು ಈ ವೃತ್ತಿಯ ತತ್ವಗಳು. ಒಳ್ಳೆಯ ಮನಸ್ಸಿನವರೂ ಇವನ್ನು ಅಭ್ಯಾಸದಿಂದಲೇ ಕಲಿಯಬೇಕು. ಬುದ್ಧಿ ಹೇಳುವ ಚಪಲ ನಮ್ಮೆಲ್ಲರಿಗೂ ಇದೆಯಲ್ಲವೇ?

ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗೋಣ. ಮಾವಿನ ತೋಪುಗಳ ತಾಲ್ಲೂಕು. ಮರ ಹೂ ಬಿಟ್ಟಾಗ ಊರಿಗೇ ಆಸೆ ಮೂಡುತ್ತದೆ. ಆದರೆ ಬೆಲೆ ರೈತನ ಕೈಯಲ್ಲಿಲ್ಲ. 2025ರ ಜೂನ್ ತಿಂಗಳಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದಿತ್ತು. ಆಗಲೇ ನೆರೆಯ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಆ ಕಡೆಯೇ ಆದ್ದರಿಂದ ಇಲ್ಲಿನ ಬೆಳೆಗಾರರಿಗೆ ದೊಡ್ಡ ಪೆಟ್ಟು ಬಿತ್ತು. ಇದು ಪತ್ರಿಕೆಯಲ್ಲಿ ಬರುವ ಸುದ್ದಿ. ಪತ್ರಿಕೆಗೆ ಕಾಣದ ಇನ್ನೊಂದು ಭಾಗ ಮನೆಯೊಳಗಿದೆ. ತೋಪಿನಲ್ಲಿ ಹಣ್ಣು ಕೊಳೆತರೂ ಮನೆಯ ಹೆಣ್ಣುಮಗಳು ಸಂಘದಲ್ಲಿ ಪಡೆದ ಸಾಲದ ವಾರದ ಕಂತು ನಿಲ್ಲುವುದಿಲ್ಲ.

ಗುಂಪಿನ ಶಕ್ತಿಯೂ ಗುಂಪಿನ ಒತ್ತಡವೂ ಏನೆಂಬುದನ್ನು ಕಲಿಯಲು ಇದಕ್ಕಿಂತ ಬೇರೆ ಪಾಠ ಬೇಡ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಆರಂಭವಾದಾಗಿನಿಂದ ಸ್ವಸಹಾಯ ಗುಂಪುಗಳು ಎಷ್ಟೋ ಹೆಣ್ಣುಮಕ್ಕಳಿಗೆ ಉಳಿತಾಯದ ರೂಢಿಯನ್ನೂ ನಾಲ್ಕು ಜನರೆದುರು ಮಾತಾಡುವ ಧೈರ್ಯವನ್ನೂ ಕೊಟ್ಟಿವೆ. ಖಾಸಗಿ ಕಿರುಸಾಲ ಸಂಸ್ಥೆಗಳು ಕೂಡ ಗುಂಪನ್ನೇ ಜಾಮೀನಾಗಿ ಮಾಡಿಕೊಂಡವು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಆಗ ನಿನ್ನೆಯ ಗೆಳತಿ ಇಂದು ಬಾಗಿಲಲ್ಲಿ ನಿಂತು ಕೇಳುವ ಸಾಲಗಾರಳಾಗುತ್ತಾಳೆ. 2009ರಲ್ಲಿ ಕೋಲಾರ ಪಟ್ಟಣದಲ್ಲಿಯೇ ಕಿರುಸಾಲದ ಮರುಪಾವತಿ ನಿಂತು ಅದು ದೇಶದ ಗಮನ ಸೆಳೆದಿತ್ತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ಸಾಲ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಇಂಥ ಗುಂಪಿನ ಸಭೆಗೆ ಹೋಗುವ ವಿದ್ಯಾರ್ಥಿ ಭಾಷಣ ಮಾಡಬಾರದು. ಯಾರು ಮಾತಾಡುತ್ತಾರೆ, ಯಾರು ಸುಮ್ಮನಿದ್ದಾರೆ, ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಕಳೆದ ಎರಡು ವಾರ ಯಾರು ಸಭೆಗೆ ಬಂದಿಲ್ಲ ಎಂಬುದನ್ನು ನೋಡಬೇಕು. ಬಾರದವಳ ಮನೆಗೆ ಹೋಗಬೇಕು. ಗುಂಪುಕಾರ್ಯ ಅಲ್ಲಿಂದ ಆರಂಭ.

ಈಗ ಮುಳಬಾಗಿಲಿಗೆ ಬನ್ನಿ. ಮೂಡಣ ಬಾಗಿಲು ಎಂಬ ಅರ್ಥದ ಹೆಸರಿನ ಈ ಊರಿನಲ್ಲಿಯೇ 1887ರಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದರು. ಸಾಹಿತ್ಯದ ಜೊತೆಗೆ ಸಾರ್ವಜನಿಕ ಜೀವನವೂ ಶಿಸ್ತಿನಿಂದ ಅಭ್ಯಾಸ ಮಾಡಬೇಕಾದ ವಿದ್ಯೆ ಎಂದು ಅವರು ನಂಬಿದ್ದರು. ಆ ಉದ್ದೇಶದಿಂದ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. "ಸೇವೆಗೆ ಓದು ಏಕೆ?" ಎಂದು ಕೇಳುವವರಿಗೆ ಮುಳಬಾಗಿಲಿನ ಈ ಮಗನೇ ಅಂದೇ ಉತ್ತರ ಕೊಟ್ಟಿದ್ದಾರೆ ಎನ್ನಬಹುದು.

ಇಡೀ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಆಳಕ್ಕಿಳಿದು ಅನೇಕ ಕಡೆ ಸಾವಿರ ಅಡಿ ದಾಟಿವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೂ 1.5 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಈ ಮಿತಿ ಮೀರಿದ ನೀರು ಜಿಲ್ಲೆಯ ಹಲವು ಹಳ್ಳಿಗಳಲ್ಲಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಮಗು ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಬೀಳುವ ಕಲೆ ಮತ್ತೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿದು ಬಂದಿತು. ಜಿಲ್ಲೆಯ ಕೆರೆಗಳು ತುಂಬಿದ ಸಂತೋಷ ಒಂದು ಕಡೆ, ಇನ್ನೊಂದು ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯ ಇನ್ನೊಂದು ಕಡೆ, ಎರಡೂ ನಿಜ.

ಸಮುದಾಯ ಸಂಘಟನೆ ಎಂಬ ವಿಧಾನ ಇಲ್ಲಿ ಬೇಕು. ಹಳ್ಳಿಯಲ್ಲಿ ಶುದ್ಧ ನೀರಿನ ಘಟಕ ನಿಲ್ಲಿಸುವುದು ಇಂಜಿನಿಯರರ ಕೆಲಸ. ಅದು ಕೆಟ್ಟುನಿಂತಾಗ ರಿಪೇರಿ ಮಾಡಿಸುವವರು ಯಾರು, ಕಾರ್ಡು ಯಾರ ಬಳಿ ಇದೆ, ದೂರದ ಕೇರಿಯ ಮುದುಕಿ ಕ್ಯಾನು ಹೊತ್ತು ಬರಬಲ್ಲಳೇ, ಘಟಕವಿದ್ದರೂ ಅಡಿಗೆಗೆ ಅದೇ ಹಳೆಯ ಬೋರಿನ ನೀರನ್ನು ಏಕೆ ಬಳಸುತ್ತಾರೆ ಎಂಬ ಪ್ರಶ್ನೆಗಳು ಸಮಾಜಕಾರ್ಯದವು. ಶಿಬಿರಕ್ಕೆ ಹೋದವರು ರಸ್ತೆ ಗುಡಿಸಿ, ಫೋಟೋ ತೆಗೆಸಿಕೊಂಡು, ಸಂಜೆ ನಾಟಕವಾಡಿ ಬರುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹತ್ತು ದಿನಗಳಲ್ಲಿ ಊರಿನ ನೀರಿನ ಮೂಲಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿ, ನೀರನ್ನು ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಊರವರ ಭಾಷೆಯಲ್ಲಿ ಓದಿ ಹೇಳಿ ಬಂದರೆ, ಶಿಬಿರ ಮುಗಿದ ಮೇಲೂ ಊರಿಗೆ ಒಂದು ಆಧಾರ ಉಳಿಯುತ್ತದೆ.

ಊರವರ ಭಾಷೆ ಎಂದೆ. ಗಡಿ ಸೀಮೆಯಾದ ಇಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲೆತ ಮಾತು. ಪಟ್ಟಣದ ಮೊಹಲ್ಲಾಗಳಲ್ಲಿ ಉರ್ದು, ಕೆಲವೆಡೆ ತಮಿಳು. ಪಠ್ಯಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಇದರಿಂದ ನಮ್ಮ ಹಳ್ಳಿಯ ವಿದ್ಯಾರ್ಥಿಗಳು ಕೀಳರಿಮೆ ಪಡುತ್ತಾರೆ. ಪಡಬೇಕಾಗಿಲ್ಲ. ಬೆಂಗಳೂರಿನಿಂದ ಬಂದ ಇಂಗ್ಲಿಷ್ ಬಲ್ಲ ಸಹಪಾಠಿಗೆ ದುಭಾಷಿ ಬೇಕಾಗುವಲ್ಲಿ ನಿಮಗೆ ಬೇಡ. ತಾಯಿಯೊಬ್ಬಳು ಸಂಕಟ ಹೇಳಿಕೊಳ್ಳುವಾಗ ಬಳಸುವ ಮಾತನ್ನು ನೀವು ಬಲ್ಲಿರಿ. ಇಂಗ್ಲಿಷನ್ನು ಓದಿ ಕಲಿಯಬಹುದು, ಕಲಿಯಲೂ ಬೇಕು. ಆ ಇನ್ನೊಂದು ಮಾತು ಯಾವ ಗ್ರಂಥಾಲಯದಲ್ಲಿಯೂ ಸಿಗುವುದಿಲ್ಲ.

ಕಡೆಯದಾಗಿ ಮಾಲೂರು. ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಊರು, ಈಗ ಕೈಗಾರಿಕಾ ಪ್ರದೇಶವೂ ಹೌದು. ಮುಂಗಡ ಹಣಕ್ಕೆ ಕಟ್ಟುಬಿದ್ದು ಇಡೀ ಕುಟುಂಬ ದುಡಿಯುವ ಅಪಾಯ ಇಟ್ಟಿಗೆ ಗೂಡುಗಳಲ್ಲಿ ಎಲ್ಲಿಯೂ ಇರುವಂಥದೇ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆ ಪ್ರತಿ ಜಿಲ್ಲೆಯಲ್ಲಿ ಒಂದು ಜಾಗೃತಿ ಸಮಿತಿ ಇರಬೇಕೆನ್ನುತ್ತದೆ. ಅದರಲ್ಲಿ ಜಿಲ್ಲೆಯಲ್ಲಿಯೇ ವಾಸಿಸುವ ಇಬ್ಬರು ಸಮಾಜಕಾರ್ಯಕರ್ತರು ಸದಸ್ಯರಾಗಿರಬೇಕೆಂದು ಕಾಯಿದೆಯೇ ಹೇಳಿದೆ. ಮಾಲೂರಿಗೆ ಹತ್ತಿರದ, ಕೋಲಾರ ತಾಲ್ಲೂಕಿನ ನರಸಾಪುರದ ಮೊಬೈಲ್ ಫೋನ್ ಕಾರ್ಖಾನೆಯೊಂದರಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ವಿಚಾರವಾಗಿ ಗುತ್ತಿಗೆ ಕಾರ್ಮಿಕರ ಆಕ್ರೋಶ ಸ್ಫೋಟಗೊಂಡಿತು. ಅಲ್ಪ ಕಾಲದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿದ್ದರೂ ಅವರನ್ನು ನೋಡಿಕೊಳ್ಳುವ ಸಿಬ್ಬಂದಿ ವಿಭಾಗ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲವೆಂದು ಕಾರ್ಖಾನೆಗಳ ಇಲಾಖೆಯ ವರದಿ ಹೇಳಿತು. ದೂರು ಕೇಳುವ ಒಂದು ಕಿವಿ ಸಕಾಲದಲ್ಲಿ ಇದ್ದಿದ್ದರೆ ಗಾಜು ಒಡೆಯುವವರೆಗೆ ಮಾತು ಹೋಗುತ್ತಿತ್ತೇ ಎಂದು ಯೋಚಿಸಬೇಕು. 500ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತ್ತು. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ.

ಅದೇ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ದಲಿತ ಬಾಲಕನೊಬ್ಬ ದೇವರ ಮೆರವಣಿಗೆಯ ಕೋಲನ್ನು ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಿದ ಸುದ್ದಿ ನಾಡಿಗೆಲ್ಲ ತಿಳಿಯಿತು. ಪೊಲೀಸ್ ಪ್ರಕರಣವೂ ದಾಖಲಾಯಿತು. ಕಾನೂನು ತನ್ನ ಕೆಲಸ ಮಾಡಬೇಕು. ಆದರೆ ಅಧಿಕಾರಿಗಳ ವಾಹನಗಳು ಹಿಂದಿರುಗಿದ ಮೇಲೆ ಇಂಥ ಊರಿನಲ್ಲಿ ಆ ಮಗು ಶಾಲೆಗೆ ಹೋಗಬೇಕು, ತಾಯಿ ಅದೇ ಊರಿನಲ್ಲಿ ಕೂಲಿ ಹುಡುಕಬೇಕು. ಸಂತ್ರಸ್ತರ ಪಕ್ಕ ನಿಲ್ಲುತ್ತಲೇ ಊರಿನ ಉಳಿದವರೊಡನೆಯೂ ಮಾತು ಮುಂದುವರಿಸುವುದು ಎಷ್ಟು ಕಷ್ಟವೆಂಬುದನ್ನು ಸಾಮಾಜಿಕ ಕ್ರಿಯೆ ಎಂಬ ಪಾಠ ಕಲಿಸುತ್ತದೆ. ಇಲ್ಲಿ ವಿದ್ಯಾರ್ಥಿಗೆ ತನ್ನ ಜಾತಿ ಯಾವುದು, ತಾನು ಯಾರ ಮನೆಯಲ್ಲಿ ನೀರು ಕುಡಿದೆ, ಯಾರ ಮನೆಯಲ್ಲಿ ಕುಡಿಯಲಿಲ್ಲ ಎಂಬ ಪ್ರಶ್ನೆಯೂ ಎದುರಾಗುತ್ತದೆ. ಅದನ್ನು ತನ್ನ ದಿನಚರಿಯಲ್ಲಿ ಮರೆಮಾಚದೆ ಬರೆಯುವುದು ತರಬೇತಿಯ ಬಹುಮುಖ್ಯ ಅಂಗ.

ಬರೆಯುವ ವಿಷಯಕ್ಕೆ ಬಂದೆವು. ಕ್ಷೇತ್ರಕಾರ್ಯಕ್ಕೆ ಹೋಗದೆಯೇ ಸಹಿ ಹಾಕಿಸಿಕೊಳ್ಳುವುದು, ಹಿಂದಿನ ವರ್ಷದವರ ವರದಿಯನ್ನು ನಕಲು ಮಾಡುವುದು, ಮೂರು ಮನೆಗೆ ಹೋಗಿ ಮೂವತ್ತು ಪ್ರಶ್ನಾವಳಿ ತುಂಬುವುದು ಈ ಪದವಿಗೆ ಅಂಟಿರುವ ರೋಗಗಳು. ಅಂಕಗಳು ಬರುತ್ತವೆ, ಯಾರಿಗೇನು ನಷ್ಟ ಎನ್ನಿಸಬಹುದು. ನಷ್ಟ ಯಾರಿಗೆಂದು ಹೇಳುತ್ತೇನೆ, ಕೇಳಿ. 2015ರ ಬಾಲನ್ಯಾಯ ಕಾಯಿದೆಯಂತೆ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿನ ಪ್ರಕರಣವನ್ನು ನೋಡುವ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಅವರ ಮುಂದೆ ಬರುವ ಒಂದು ಮುಖ್ಯ ದಾಖಲೆ ಸಾಮಾಜಿಕ ತನಿಖಾ ವರದಿ. ಮಗುವಿನ ಮನೆ ಹೇಗಿದೆ, ತಂದೆತಾಯಿ ಏನು ಮಾಡುತ್ತಾರೆ, ಶಾಲೆ ಏಕೆ ಬಿಟ್ಟಿತು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಮಗು ಮನೆಗೆ ಹೋಗಬೇಕೋ ಬೇರೆಡೆ ಇರಬೇಕೋ ಎಂಬ ತೀರ್ಮಾನಕ್ಕೆ ಆ ಪುಟಗಳು ಆಧಾರವಾಗುತ್ತವೆ. ಮನೆಗೆ ಹೋಗದೆಯೇ ವರದಿ ಬರೆಯುವುದನ್ನು ಕಾಲೇಜಿನಲ್ಲಿ ರೂಢಿಸಿಕೊಂಡವರು ನಾಳೆ ಆ ಮಗುವಿನ ವರದಿಯನ್ನೂ ಹಾಗೆಯೇ ಬರೆದಾರು. ಇಂದಿನ ಸುಳ್ಳು ಸಹಿಯ ಬೆಲೆಯನ್ನು ನಾಳೆ ಕಟ್ಟುವುದು ಒಂದು ಮಗು.

ಕೆಲಸ ಸಿಗುತ್ತದೆಯೇ ಎಂದು ನೀವು ಕೇಳದಿರಲಾರಿರಿ. ಆಸ್ಪತ್ರೆ, ಆಪ್ತಸಮಾಲೋಚನಾ ಕೇಂದ್ರ, ಮಕ್ಕಳ ರಕ್ಷಣಾ ಘಟಕ, ಮಹಿಳಾ ಸಾಂತ್ವನ ಕೇಂದ್ರ, ಕಾರ್ಖಾನೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸಗಳಿವೆ. ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಆಸಕ್ತಿಯುಳ್ಳವರು ಸ್ನಾತಕೋತ್ತರ ಪದವಿಯ ನಂತರ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮುಂದಿನ ತರಬೇತಿ ಪಡೆಯಬಹುದು. ಆದರೆ ಅನೇಕ ಹುದ್ದೆಗಳು ಗುತ್ತಿಗೆಯವು, ಆರಂಭದ ಸಂಬಳ ಸಾಧಾರಣ. ವೈದ್ಯರಿಗೆ, ವಕೀಲರಿಗೆ ಇರುವಂತೆ ಎಲ್ಲ ಸಮಾಜಕಾರ್ಯಕರ್ತರನ್ನೂ ನೋಂದಾಯಿಸುವ ಒಂದೇ ಪರಿಷತ್ತು ನಮ್ಮಲ್ಲಿಲ್ಲ. ಇದನ್ನು ಮೊದಲೇ ತಿಳಿದು ಸೇರುವುದು ಒಳ್ಳೆಯದು. ಸೇರುವಾಗ ಕಾಲೇಜಿನವರನ್ನು ಮೂರು ಪ್ರಶ್ನೆ ಕೇಳಿ: ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕಳುಹಿಸುತ್ತೀರಿ? ವಾರಕ್ಕೊಮ್ಮೆ ವರದಿ ಓದಿ ಚರ್ಚಿಸುವ ಅಧ್ಯಾಪಕರು ಯಾರು? ಕನ್ನಡದಲ್ಲಿ ವರದಿ ಬರೆಯಬಹುದೇ? ಕಟ್ಟಡ ಎಷ್ಟು ದೊಡ್ಡದು ಎಂಬುದಕ್ಕಿಂತ ಈ ಉತ್ತರಗಳು ಮುಖ್ಯ.

ತಂದೆತಾಯಿಗಳಿಗೂ ಒಂದು ಮಾತು. ಮಗಳು ಕ್ಷೇತ್ರಕಾರ್ಯಕ್ಕೆಂದು ಹಳ್ಳಿ ಹಳ್ಳಿ ತಿರುಗಬೇಕಾದಾಗ ನೀವು ಹಿಂಜರಿಯುವುದು ಸಹಜ. ಹೋಗುವ ಸ್ಥಳ, ಜೊತೆಗಿರುವವರು, ಮೇಲ್ವಿಚಾರಕರು ಯಾರೆಂದು ಕೇಳಿ ತಿಳಿಯಿರಿ. ಆದರೆ "ಸಹಿ ಹಾಕಿಸಿಕೊಂಡರೆ ಸಾಕು, ಹೋಗಬೇಡ" ಎನ್ನಬೇಡಿ. ಅವಳು ನೋಡಿ ಬರುವ ಹಳ್ಳಿ ನಿಮ್ಮ ಪಕ್ಕದ ಹಳ್ಳಿಯೇ.

ಊರಿಗೆ ಕೆರೆ ಕಟ್ಟಿಸಿದವರಿಗೆ ಪದವಿ ಇರಲಿಲ್ಲ, ನಿಜ. ಆದರೆ ನೀರು ಎಲ್ಲಿಂದ ಹರಿದು ಬರುತ್ತದೆ, ಏರಿ ಎಲ್ಲಿ ನಿಲ್ಲುತ್ತದೆ, ತೂಬು ಎಲ್ಲಿರಬೇಕು ಎಂದು ನೆಲ ನೋಡಿ ತಿಳಿದವರು ಅವರ ಜೊತೆಗಿದ್ದರು. ಬರೀ ಒಳ್ಳೆಯ ಮನಸ್ಸಿನಿಂದ ಕಟ್ಟಿದ ಏರಿ ಮೊದಲ ಮಳೆಗೇ ಒಡೆಯುತ್ತದೆ. ಜನರ ಕಷ್ಟದ ನೆಲವನ್ನು ನಡೆದು ನೋಡುವ ವಿದ್ಯೆಯೇ ಸಮಾಜಕಾರ್ಯ. ಅದನ್ನು ಕಲಿಯಲು ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ವಾರದ ಆ ಎರಡು ದಿನಗಳನ್ನು ಪ್ರಾಮಾಣಿಕವಾಗಿ ನಡೆದರೆ ಸಾಕು, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳೇ ಕಲಿಸುತ್ತವೆ.